ಪ್ರಹಸನಕ್ಕೆ ಆಡಿಷನ್ ಕೊಟ್ಟು ಬಂದೆ, ಒಳ್ಳೇದೂ ಇತ್ತು, ಒಂದು ದೂರೂ ಇದೆ

ಒಂದು ಹವ್ಯಾಸಿ ತಂಡ ಪ್ರಹಸನ ಮಾಡ್ತಿದೆ, ಅನುಭವ ಇಲ್ದೋರೂ ಬರಬಹುದು ಅಂತ ಗೊತ್ತಾಯ್ತು, ಹೋದೆ. ತಂಡದ ಹೆಸರು ಹೇಳಲ್ಲ, ಆದ್ರೆ ಅವ್ರು ಆಡಿಷನ್ ನಡೆಸಿದ ರೀತಿ ಮಾತ್ರ ನಂಗೆ ತುಂಬಾನೇ ಹಿಡಿಸ್ತು, ಅದಕ್ಕೇ ಬರೀತಿದೀನಿ.

ಹಿಂದೆ ನಾನು ಹೋದ ಕಡೆಯೆಲ್ಲ ಒಬ್ಬೊಬ್ರನ್ನೇ ಒಳಗೆ ಕರೆದು, ಬಾಯಿಪಾಠ ಮಾಡ್ಕೊಂಡು ಬಂದಿದ್ದನ್ನ ಹೇಳಿಸಿ, ಆಯ್ತು ತಿಳಿಸ್ತೀವಿ ಅಂತ ಕಳಿಸಿಬಿಡೋರು. ಇಲ್ಲಿ ನಾಲ್ಕು ನಾಲ್ಕು ಜನನ ಒಟ್ಟಿಗೆ ನಿಲ್ಲಿಸಿ ಎರಡು ಪುಟದ ಸೀನ್ ಕೈಗೆ ಕೊಟ್ರು, ಓದ್ಕೊಳ್ಳೋಕೆ 10 ನಿಮಿಷ ಅಷ್ಟೇ. ನೆಲದ ಮೇಲೆ ಟೇಪ್ ಅಂಟಿಸಿ ಮೂರು ಬಾಗಿಲು ಗುರ್ತು ಮಾಡಿದ್ರು, ಬೀದಿ ಬಾಗಿಲು ಒಂದು, ಅಡುಗೆಮನೇದು ಒಂದು, ಇನ್ನೊಂದು ಬಟ್ಟೆ ಬೀರು. ನಾವು ಬಾಗಿಲು ಹಾಕ್ದಂಗೆ ಮಾಡಿದಾಗೆಲ್ಲ ಪಕ್ಕದಲ್ಲಿ ಕೂತಿದ್ದ ಹುಡುಗ ಎರಡು ಮರದ ತುಂಡು ಪಟ್ ಅಂತ ಹೊಡೀತಿದ್ದ. ಇದ್ಯಾಕಪ್ಪಾ ಅನ್ನಿಸ್ತು, ಸ್ವಲ್ಪ ಹೊತ್ತಲ್ಲೇ ಗೊತ್ತಾಯ್ತು, ಇಂಥ ನಾಟಕದಲ್ಲಿ ಬಾಗಿಲೂ ಒಂದು ಪಾತ್ರ, ಒಬ್ರು ಇತ್ಲಾಗೆ ಹೋಗೋಕೂ ಇನ್ನೊಬ್ರು ಅತ್ಲಾಗಿಂದ ಬರೋಕೂ ಅರ್ಧ ಸೆಕೆಂಡ್ ಹೆಚ್ಚುಕಮ್ಮಿ ಆದ್ರೆ ಇಬ್ರೂ ಎದುರುಬದುರಾಗಿ ಗುಟ್ಟು ಅಲ್ಲೇ ರಟ್ಟಾಗುತ್ತೆ, ಮುಂದಕ್ಕೆ ಕಥೇನೇ ಇಲ್ಲ.

ನಂಗೆ ಬಂದಿದ್ದು ಮನೆಗೆಲಸದವರ ಪಾತ್ರ. ಬೀರು ಒಳಗೆ ಯಜಮಾನರ ಸ್ನೇಹಿತ ಅವಿತ್ಕೊಂಡಿದಾನೆ, ಯಜಮಾನಿ ಬಂದು ಬೀರು ತೆಗಿ ಅಂತಾರೆ, ನಾನು ‘ಅಮ್ಮಾ, ಕೀ ಕಳ್ದೋಗಿದೆ’ ಅನ್ಬೇಕು. ಮೊದಲ ಸಲ ಕಣ್ಣು ದೊಡ್ಡದು ಮಾಡಿ ಧ್ವನಿ ಎಳೆದು ಹೇಳಿದೆ, ಯಾರೂ ನಗಲಿಲ್ಲ. ನಿರ್ದೇಶಕರು ಹತ್ರ ಬಂದು ಮೆಲ್ಲಗೆ, ‘ನಗಿಸೋಕೆ ಹೋಗ್ಬೇಡಿ. ಆ ಬೀರು ತೆಗೆದ್ರೆ ನಿಮ್ ಕೆಲಸ ಹೋಗುತ್ತೆ, ಅಷ್ಟು ಮಾತ್ರ ತಲೇಲಿರಲಿ’ ಅಂದ್ರು. ಎರಡನೇ ಸಲ ಬೀರುಗೆ ಬೆನ್ನು ಕೊಟ್ಟು ನಿಂತೆ, ಕೀ ಮುಷ್ಟಿಯಲ್ಲಿ ಬಿಗಿಯಾಗಿ ಹಿಡ್ಕೊಂಡೆ, ನಿಜವಾಗ್ಲೂ ಹೆದರಿಕೊಂಡೇ ಆ ಮಾತು ಹೇಳಿದೆ. ಗೋಡೆ ಪಕ್ಕ ಸರದಿಗೆ ಕಾಯ್ತಿದ್ದೋರೆಲ್ಲ ಗೊಳ್ ಅಂತ ನಕ್ರು!! ಆಗ ಇನ್ನೊಂದು ಹೇಳ್ಕೊಟ್ರು: ನಗು ಏರ್ತಿರುವಾಗ ಮುಂದಿನ ಡೈಲಾಗ್ ಹೇಳಿದ್ರೆ ಯಾರಿಗೂ ಕೇಳ್ಸಲ್ಲ, ಪೂರ್ತಿ ನಿಂತ ಮೇಲೆ ಹೇಳಿದ್ರೆ ಸೀನ್ ತಣ್ಣಗಾಗುತ್ತೆ, ಇಳಿಯೋಕೆ ಶುರುವಾದ ತಕ್ಷಣ ಹಿಡ್ಕೋಬೇಕು. ಇಷ್ಟು ವರ್ಷದಲ್ಲಿ ಯಾರೂ ಇದನ್ನ ನಂಗೆ ಹೇಳಿರಲಿಲ್ಲ.

ನಮ್ ಗುಂಪಲ್ಲಿ ವಯಸ್ಸಾದೋರೊಬ್ರಿದ್ರು, ಅವರ ಕೈಲಿದ್ದ ಪೇಪರ್ ನಡುಗ್ತಿತ್ತು, ನಡುವೆ ಸಾಲು ತಪ್ಪೋಯ್ತು. ಆಗ ಹೊರಗೆ ನಿಂತಿದ್ದ ಹುಡುಗಿ ಸ್ಕ್ರಿಪ್ಟಲ್ಲಿ ಇಲ್ದೇ ಇದ್ರೂ ಇನ್ನೆರಡು ಸಲ ಬಾಗಿಲು ತಟ್ಟಿದ್ಲು, ಅಷ್ಟರಲ್ಲಿ ಅವರಿಗೆ ಸಾಲು ಸಿಕ್ತು. ನಿರ್ದೇಶಕರು ತಕ್ಷಣ ಏನೋ ಬರ್ಕೊಂಡ್ರು. ಯಾರು ಎಷ್ಟು ಜೋರಾಗಿ ನಟಿಸ್ತಾರೆ ಅನ್ನೋದಕ್ಕಿಂತ ಯಾರು ಪಕ್ಕದವ್ರ ಮಾತು ಕೇಳಿಸ್ಕೊಳ್ತಾರೆ ಅಂತ ನೋಡ್ತಿದ್ರು ಅನ್ನೋದು ನಂಗೆ ಅಲ್ಲೇ ಖಾತ್ರಿ ಆಯ್ತು. ಆಮೇಲೆ ಪಾತ್ರ ಅದಲು ಬದಲು ಮಾಡಿ ಇನ್ನೊಂದ್ಸಲ ಓದಿಸಿದ್ರು.

ಬ್ರೇಕಲ್ಲಿ ಸಿಕ್ಕಿದ್ದು: ಪ್ರಹಸನಕ್ಕೆ ಇಂಗ್ಲಿಷಲ್ಲಿ ಹೇಳೋ ಫಾರ್ಸ್ ಅನ್ನೋ ಪದ ಲ್ಯಾಟಿನ್‌ನಲ್ಲಿ ‘ತುರುಕು’ ಅನ್ನೋ ಅರ್ಥದ ಮಾತಿಂದ ಬಂದಿದ್ದಂತೆ, ಮಧ್ಯಯುಗದ ಫ್ರಾನ್ಸಲ್ಲಿ ಧಾರ್ಮಿಕ ನಾಟಕಗಳ ನಡುನಡುವೆ ತುರುಕ್ತಿದ್ದ ನಗೆ ತುಣುಕುಗಳಿಗೆ ಆ ಹೆಸರು ಬಂತಂತೆ. ಇಂಥದ್ದನ್ನ ಹೇಳ್ಕೊಂಡು ಜೊತೇಲಿ ಕೂತ್ಕೊಳ್ಳೋ ನಿರ್ದೇಶಕರು ಅಪರೂಪ.

ಈಗ ದೂರು. ಓಡಾಟ ಇಷ್ಟಿರುತ್ತೆ ಅಂತ ಮೊದಲೇ ಹೇಳ್ಬೇಕಿತ್ತು, ನಾನು ಚಪ್ಪಲಿ ಹಾಕ್ಕೊಂಡು ಹೋಗಿದ್ದೆ, ಎರಡು ಸಲ ಜಾರ್ದೆ. ಹೋಗೋರು ಹಿಡಿತ ಇರೋ ಶೂ ಹಾಕ್ಕೊಂಡು ಹೋಗಿ, ರಿಹರ್ಸಲ್ ಯಾವ್ಯಾವ ದಿನ ಅಂತಾನೂ ಅಲ್ಲೇ ಕೇಳಿಬಿಡಿ, ಅವ್ರಾಗೇ ಹೇಳಲ್ಲ. ಇದೆಲ್ಲ ಇರ್ಲಿ, ನಿಜವಾಗ್ಲೂ ಬೇಜಾರಾಗಿದ್ದು ಬೇರೆ. 3 ದಿನದಲ್ಲಿ ತಿಳಿಸ್ತೀವಿ ಅಂದೋರು 12 ದಿನ ಸುಮ್ನಿದ್ರು. ನಂಗೆ ಕೊನೆಗೆ ಪೋಸ್ಟ್‌ಮ್ಯಾನ್ ಪಾತ್ರ ಸಿಕ್ತು, ಎರಡೇ ಎಂಟ್ರಿ, ಖುಷಿಯಾಗೇ ಒಪ್ಕೊಂಡೆ. ಆದ್ರೆ ಸೆಲೆಕ್ಟ್ ಆಗದೇ ಇರೋರಿಗೆ ಒಂದು ಮೆಸೇಜೂ ಇಲ್ಲ. ಆ ವಯಸ್ಸಾದೋರು ದಿನಾ ಸಂಜೆ ಫೋನ್ ಮಾಡಿ ‘ನಿಮಗೇನಾದ್ರೂ ಹೇಳಿದ್ರಾ’ ಅಂತ ಕೇಳೋರು, ಕೊನೆಗೆ ನಾನೇ ವಿಚಾರಿಸಿ ಅವರಿಗೆ ಇಲ್ಲ ಅಂತ ಹೇಳ್ಬೇಕಾಯ್ತು. ಅಷ್ಟು ಪ್ರೀತಿಯಿಂದ ಆಡಿಷನ್ ಮಾಡಿದೋರು ‘ಈ ಸಲ ಆಗ್ಲಿಲ್ಲ’ ಅಂತ ಒಂದು ಸಾಲು ಬರೆಯೋಕೆ ಆಗ್ಲಿಲ್ವಾ? ಇದನ್ನ ತಂಡದವ್ರಿಗೆ ನೇರವಾಗೇ ಹೇಳಿದೀನಿ, ತಪ್ಪಾಯ್ತು ಅಂತ ಒಪ್ಕೊಂಡ್ರು.

ಆಡಿಷನ್‌ಗೆ ಐದಕ್ಕೆ ಐದು, ಆಮೇಲಿನದ್ದಕ್ಕೆ ಎರಡು. ಮುಂದಿನ ನಾಟಕಕ್ಕೆ ಕರೆದ್ರೆ ಆ ವಯಸ್ಸಾದೋರನ್ನೂ ಕರ್ಕೊಂಡು ಹೋಗ್ತೀನಿ, ಈಗಾಗ್ಲೇ ಹೂಂ ಅಂದಿದಾರೆ.