ನಿಂತ ಕಾರಿನಲ್ಲಿ ಮಾತ್ರ ಚೆನ್ನಾಗಿ ಹಾಡುವ ಕಾರ್ ರೇಡಿಯೊ: ಮೂರು ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ. ಈ ರೇಡಿಯೊದಲ್ಲಿ ಎಫ್‌ಎಂ ಇಲ್ಲ, ಬ್ಲೂಟೂತ್ ಇಲ್ಲ, ಪೆನ್‌ಡ್ರೈವ್ ಚುಚ್ಚಲು ತೂತೂ ಇಲ್ಲ. ಆಕಾಶವಾಣಿಯ ಹಳೇ ಎಎಂ ಸ್ಟೇಷನ್‌ಗಳು ಬರುವ ಮೀಡಿಯಂ ವೇವ್ ಒಂದೇ. ಐದು ಗುಂಡಿ, ಎರಡು ನಾಬ್. ಕಂಪನಿ ಹೆಸರಿದ್ದ ಪಟ್ಟಿ ಎಂದೋ ಕಿತ್ತುಹೋಗಿದೆ, ಹಾಗಾಗಿ ಯಾವ ಮಾಡೆಲ್ ಎಂದು ಕೇಳಬೇಡಿ. ಧಾರವಾಡದ ನಮ್ಮ ಮಾವನವರಿಂದ ಬಂದ 1969ರ ಫಿಯಟ್ 1100 ಡಿಲೈಟ್‌ಗೆ ಇದನ್ನು ಕೂರಿಸಿ ಹೋದ ದೀಪಾವಳಿಗೆ ಮೂರು ವರ್ಷ ತುಂಬಿತು. ಮೂಲ ರೇಡಿಯೊ ಧಾರವಾಡದಲ್ಲೇ ಎಲ್ಲೋ ಕಳೆದಿತ್ತು. ಮಡ್‌ಗಾರ್ಡಿನ ಮೇಲೆ ಏರಿಯಲ್ (ಆಂಟೆನಾ) ಇದ್ದ ತೂತಿಗೆ ರಬ್ಬರ್ ಬಿರಡೆ ಹಾಕಿದ್ದರು. ತೊಳೆಯುವಾಗಲೆಲ್ಲ ಆ ಬಿರಡೆ ಕೈಗೆ ಸಿಕ್ಕಿ ಸಿಕ್ಕಿ ನನಗೆ ಈ ಹುಚ್ಚು ಹಿಡಿಯಿತು.

ಮೊದಲು ನಾನೂ ಜಾಣನಾಗಲು ಹೋಗಿದ್ದೆ. ಹಳೇ ಮುಖವಾಡದ ಹೊಸ ಸೆಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ, 6,400 ರೂಪಾಯಿ. ಹೊರಗೆ ಕ್ರೋಮ್, ಒಳಗೆ ನೀಲಿ ದೀಪ. ರಾತ್ರಿ ಹಾಕಿದರೆ ಕಾರಿನೊಳಗೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಸ್ಟೇಜ್. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಮೀಡಿಯಂ ವೇವ್‌ನಲ್ಲಿ ಅದು ಅಮೆರಿಕದವರ ಲೆಕ್ಕದಂತೆ ಹತ್ತು ಹತ್ತು ಕಿಲೋಹರ್ಟ್ಸ್ ಹೆಜ್ಜೆ ಹಾಕುತ್ತಿತ್ತು. ನಮ್ಮ ದೇಶದಲ್ಲಿ ಒಂಬತ್ತರ ಹೆಜ್ಜೆ. ಬೆಂಗಳೂರು ಆಕಾಶವಾಣಿ ಇರುವುದು 612ರಲ್ಲಿ. ಇದು 610ಕ್ಕೆ ನಿಲ್ಲುತ್ತಿತ್ತು, ಇಲ್ಲವೇ 620ಕ್ಕೆ ಹಾರುತ್ತಿತ್ತು. ಬಸ್ಸು ಸ್ಟಾಪಿಗಿಂತ ಇಪ್ಪತ್ತು ಮಾರು ಮುಂದೆ ಹೋಗಿ ನಿಂತ ಹಾಗೆ. ಕೊಳ್ಳುವವರು ಡಬ್ಬಿ ಮೇಲೆ ಈ 9/10 ಬದಲಿಸುವ ಸೌಲಭ್ಯ ಇದೆಯೇ ನೋಡಿ. ನಾನು ನೋಡಲಿಲ್ಲ. ಸೆಟ್ ಈಗ ತಂಗಿಯ ಮಗನ ಹತ್ತಿರ ಇದೆ, ಅವನಿಗೆ ನೀಲಿ ದೀಪ ಇಷ್ಟ.

ಆಮೇಲೆ ಶಿವಾಜಿನಗರದ ಗುಜರಿಯಲ್ಲಿ ಇದು ಸಿಕ್ಕಿತು, 1,500ಕ್ಕೆ. ಪಕ್ಕದಲ್ಲಿ ಪಾಸಿಟಿವ್, ನೆಗೆಟಿವ್ ಬದಲಿಸುವ ಪುಟ್ಟ ಪ್ಲಗ್ ಒಂದಿತ್ತು. ಆ ಕಾಲದ ಎಷ್ಟೋ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಾರಿನ ಲೋಹದ ಮೈಗೆ ಸೇರುತ್ತಿತ್ತು; ಫಿಯಟ್‌ನಲ್ಲಿ ನೆಗೆಟಿವ್. ಸೆಟ್ಟು ಅಂಥ ಯಾವುದೋ ಕಾರಿನಿಂದ ಇಳಿದು ಬಂದದ್ದು, ಪ್ಲಗ್ ಇನ್ನೂ ಪಾಸಿಟಿವ್‌ಗೇ ಇತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ನೋಡಿದ ನಾನು ಪ್ಲಸ್ಸು ಮೈನಸ್ಸು ನೋಡದೆ ತಂತಿ ಸೇರಿಸಿದೆ. ಸಣ್ಣ ಹೊಗೆ, ಕೆಟ್ಟ ವಾಸನೆ.

ರಿಪೇರಿಗೆ ಮೊದಲು ಕೊಟ್ಟ ಅಂಗಡಿಯವರು ಎರಡು ತಿಂಗಳು ಇಟ್ಟುಕೊಂಡು, "ಒಳಗಿಂದೆಲ್ಲ ಕಿತ್ತಾಕಿ ಬ್ಲೂಟೂತ್ ಬೋರ್ಡ್ ಹಾಕ್ಕೊಡ್ತೀನಿ ಸಾರ್, ಚಿಂದಿ ಇರತ್ತೆ" ಎಂದರು. ವಾಪಸ್ ತಂದೆ. ಅವೆನ್ಯೂ ರಸ್ತೆಯ ಒಂದು ಗಲ್ಲಿಯ ಮಹಡಿ ಮೇಲೆ ಕೂರುವ ಹಿರಿಯರೊಬ್ಬರು ಉಳಿಸಿಕೊಟ್ಟರು. ಒಣಗಿದ ಕಂಡೆನ್ಸರ್‌ಗಳಿಗೆ (ಕೆಪ್ಯಾಸಿಟರ್) ಬದಲಿ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಸ್ಪೀಕರ್ ನಡೆಸುವ, ಸುಟ್ಟುಹೋದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳದ್ದೇ ಕಷ್ಟ. ಅವು ಜರ್ಮೇನಿಯಂ, ಈಗಿನ ಸಿಲಿಕಾನ್ ತಂದು ಹಾಗೇ ಕೂರಿಸುವಂತಿಲ್ಲ. ಬಿಸ್ಕತ್ತಿನ ಡಬ್ಬಿ ಸುರಿದು, ಮೀಟರ್ ಹಿಡಿದು, ಒಂದಕ್ಕೊಂದು ಹೊಂದುವ ಜೋಡಿ ಹುಡುಕಿದರು. ಜಾತಕ ನೋಡಿದಷ್ಟೇ ಹೊತ್ತು ಹಿಡಿಯಿತು. 3,800 ತೆಗೆದುಕೊಂಡರು, ನಾನು ಚೌಕಾಸಿ ಮಾಡಲಿಲ್ಲ.

ಇನ್ನು ಆ ಗುಂಯ್ ಶಬ್ದದ ವಿಷಯ. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ. ಎಂಜಿನ್ ಶುರುವಾದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಆಕ್ಸಿಲರೇಟರ್ ಒತ್ತಿದರೆ ಗುಂಯ್ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೊದಲ ದಿನ ಪಕ್ಕದಲ್ಲಿ ಕೂತ ನಮ್ಮ ಮನೆಯವರು, "ಏನ್ರೀ, ಕಾರಿನ್ಯಾಗ ಜೇನ್ನೊಣ ಹೊಕ್ಕಾವೇನ?" ಎಂದರು. ಒಂದಿಡೀ ವರ್ಷ ಆ ಜೇನ್ನೊಣದ ಬೆನ್ನು ಹತ್ತಿದೆ.

ಅಷ್ಟರಲ್ಲಿ ಕಲಿತದ್ದು ಇಷ್ಟು. ಏರಿಯಲ್ ಪ್ಲಗ್ ಕಿತ್ತು ನೋಡಿ. ಶಬ್ದ ಹೋದರೆ ಅದು ಏರಿಯಲ್ಲಿನಿಂದ ಬರುತ್ತಿದೆ, ಉಳಿದರೆ ಕರೆಂಟಿನ ತಂತಿಯಿಂದ. ನಿಂತಲ್ಲೇ ಎಂಜಿನ್ ಜೋರು ಮಾಡಿ ಕೀ ಆಫ್ ಮಾಡಿ, ರೇಡಿಯೊ ಮಾತ್ರ ನೇರ ಬ್ಯಾಟರಿಯಿಂದ ಓಡುತ್ತಿರಲಿ. ತಕ್ಷಣ ನಿಲ್ಲುವ ಟಕಟಕ ಸ್ಪಾರ್ಕಿನದು, ನಿಧಾನಕ್ಕೆ ಇಳಿದು ಸಾಯುವ ಗುಂಯ್ ಡೈನಮೊದ್ದು (ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವುದು ಅದೇ). ನನಗೆ ಎರಡೂ ಇದ್ದವು. ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಒಂದು ಕಂಡೆನ್ಸರ್ ಹಾಕಿ, ಸ್ಪಾರ್ಕ್ ಪ್ಲಗ್‌ಗಳಿಗೆ ರೆಸಿಸ್ಟರ್ ಇರುವ ಕ್ಯಾಪ್ ತೊಡಿಸಿ, ಏರಿಯಲ್ ಬುಡದ ಬಣ್ಣ ಕೆರೆದು ಅರ್ತ್ ಸರಿಮಾಡಿದ ಮೇಲೆ ಟಕಟಕ ಹೋಯಿತು. ಡೈನಮೊಗೂ ಕಂಡೆನ್ಸರ್ ಹಾಕಿದೆ. ದಪ್ಪ ತಂತಿ ಬರುವ ಟರ್ಮಿನಲ್‌ಗೇ ಹಾಕಬೇಕು. ಪಕ್ಕದ ಫೀಲ್ಡ್ ಟರ್ಮಿನಲ್‌ಗೆ ಹಾಕಿದರೆ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ಪಾಯಿಂಟ್ ಹಾಳು. ಗುಂಯ್ ಅರ್ಧ ಇಳಿಯಿತು. ಉಳಿದರ್ಧಕ್ಕೆ ಡೈನಮೊ ಬಿಚ್ಚಿ, ಒಳಗೆ ತಿರುಗುವ ಸವೆದ ತಾಮ್ರದ ಉರುಳೆಯನ್ನು (ಕಮ್ಯುಟೇಟರ್) ಲೇತ್‌ಗೆ ಕೊಟ್ಟು, ಅದಕ್ಕೆ ಉಜ್ಜುವ ಹೊಸ ಕಾರ್ಬನ್ ಬ್ರಷ್ ಹಾಕಿಸಬೇಕಂತೆ. ಕಾರಿನ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋದಾಗಲೆಲ್ಲ ನೆನಪಾಗುತ್ತದೆ, ಬ್ರಷ್ ತರದೆ ವಾಪಸ್ ಬರುತ್ತೇನೆ. ಕಾರಣ ಕೆಳಗಿದೆ.

ಬೆಳಿಗ್ಗೆಯ ಬಳಕೆ ಹೀಗೆ. ತ್ಯಾಗರಾಜನಗರದಿಂದ ಲಾಲ್‌ಬಾಗ್‌ವರೆಗೆ, ವಾಕಿಂಗಿಗೆ ಕಾರಿನಲ್ಲಿ ಹೋಗುವುದೇನು ಎಂದು ನಗಬೇಡಿ. ಏರಿಯಲ್ಲನ್ನು ಪೂರ್ತಿ ಎಳೆಯಬೇಕು, ಅರ್ಧಕ್ಕೆ ಬಿಟ್ಟರೆ ಮೀಡಿಯಂ ವೇವ್‌ಗೆ ಸಾಲದು. ಚೋಕ್ ಎಳೆದು ಎಂಜಿನ್ ಶುರುವಾಗುವವರೆಗೆ ರೇಡಿಯೊ ಆಫ್. ಆಮೇಲೆ ನಾಬ್ ತಿರುಗಿಸಿದರೆ ಟಿಕ್. ಹಳದಿ ದೀಪ ಹತ್ತುತ್ತದೆ. ಮೊದಲ ಗುಂಡಿ ಒತ್ತಿದರೆ ಮುಳ್ಳು ಖಟ್ ಎಂದು ಸರಿದು 6ರ (ಅಂದರೆ 600ರ) ಪಕ್ಕ ನಿಲ್ಲುತ್ತದೆ. ಈ ಗುಂಡಿಗಳು ಪೂರ್ತಿ ಯಾಂತ್ರಿಕ. ಹೊರಗೆಳೆದು, ಸ್ಟೇಷನ್ ಹಿಡಿದು, ಒಳಗೊತ್ತಿದರೆ ಆಯಿತು. ಬ್ಯಾಟರಿ ಕಳಚಿಟ್ಟರೂ ಮರೆಯುವುದಿಲ್ಲ. ಬೆಳಗಿನ ಸಂಸ್ಕೃತ ವಾರ್ತೆಗೆ ಹಿಂದಿನಿಂದ ಡೈನಮೊ ಶ್ರುತಿ ಹಿಡಿದಿರುತ್ತದೆ, ಗೇರ್ ಬದಲಿಸಿದಾಗ ಶ್ರುತಿಯೂ ಬದಲಾಗುತ್ತದೆ. ಮೇಲ್ಸೇತುವೆ ಕೆಳಗೆ ಹೋದರೆ ವಾರ್ತೆ ಮುಳುಗಿ ಶ್ರುತಿ ಮಾತ್ರ ಉಳಿಯುತ್ತದೆ. ಓಡುವ ಕಾರಿನಲ್ಲಿ ಕೇಳಲಿಕ್ಕೆ ಇದಕ್ಕೆ ಐದಕ್ಕೆ ಎರಡು ಅಂಕ, ಅದೂ ದಾಕ್ಷಿಣ್ಯಕ್ಕೆ.

ಒಂದು ಡಿಸೆಂಬರ್ ರಾತ್ರಿ ಟ್ರಿಮ್ಮರ್ ತಿರುಗಿಸಲು ಕೂತಿದ್ದೆ. ಏರಿಯಲ್ಲಿಗೂ ಸೆಟ್ಟಿಗೂ ಹೊಂದಿಸುವ ಪುಟ್ಟ ಸ್ಕ್ರೂ ಅದು. ಮುಳ್ಳನ್ನು 14ರ ಹತ್ತಿರ ಕ್ಷೀಣವಾದ ಸ್ಟೇಷನ್ನಿಗೆ ಇಟ್ಟು, ದನಿ ಹೆಚ್ಚಾಗುವಷ್ಟು ತಿರುಗಿಸಬೇಕು. ಮನೆ ಮುಂದೆ ನಿಂತ ಕಾರು, ಎಂಜಿನ್ ಆಫ್. ಗುಂಯ್ ಇಲ್ಲ! ಸುಮ್ಮನೆ ಮುಳ್ಳನ್ನು ಈ ಕಡೆಗೆ ತರುತ್ತ ಬಂದೆ. 7 ಮತ್ತು 8ರ ನಡುವೆ ಯಾರೋ ಹಾಡುತ್ತಿದ್ದರು. 765, ಧಾರವಾಡ. ಹಗಲಿನಲ್ಲಿ ವಾತಾವರಣದ ಒಂದು ಪದರ ಈ ತರಂಗಗಳನ್ನು ನುಂಗಿಬಿಡುತ್ತದೆ. ಕತ್ತಲಾದ ಮೇಲೆ ಅದು ಕರಗಿ, ಇನ್ನೂ ಮೇಲಿನ ಪದರಕ್ಕೆ ಬಡಿದು ಅವು ನೂರಾರು ಕಿಲೋಮೀಟರ್ ದಾಟಿ ಬರುತ್ತವೆ. ಓದಿ ಗೊತ್ತಿತ್ತು. ಕಿವಿಗೆ ಬಿದ್ದದ್ದು ಅವತ್ತೇ.

ನಮ್ಮ ಮನೆಯವರನ್ನು ಕರೆದೆ. ಕುಕ್ಕರ್ ಇಳಿಸಿ ಬಂದು, ಬಾಗಿಲು ಹಿಡಿದು ನಿಂತೇ ಕೇಳಿದರು. ಆಮೇಲೆ ಶಾಲು ತಂದು ಹಿಂದಿನ ಸೀಟಿನಲ್ಲಿ ಕೂತರು. ಮುಂದೆ ಬನ್ನಿ ಎಂದರೆ, ತಾವು ಈ ಕಾರಿನಲ್ಲಿ ಕೂರುತ್ತಿದ್ದದ್ದೇ ಹಿಂದೆ ಎಂದರು. ದನಿ ಅಲೆಯಂತೆ ಏರುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ನಡುವೆ ಇನ್ಯಾವುದೋ ಭಾಷೆ ಇಣುಕಿ ಹೋಗುತ್ತದೆ. ನಾನು ಮೈಸೂರಿನವನು, ಸುಮ್ಮನಿರಲಾರದೆ ಆಕಾಶವಾಣಿ ಎಂಬ ಹೆಸರೇ ನಮ್ಮೂರಿನದು, 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ್ದು ಎಂದೆ. "ಹೆಸರ ನಿಮ್ಮದ, ಹಾಡ ನಮ್ಮದ" ಎಂದರು. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಊರಿನವರೊಡನೆ ಏನು ವಾದ ಮಾಡುವುದು?

ಅಂದಿನಿಂದ ಎರಡನೇ ಗುಂಡಿ 765ಕ್ಕೆ. ವಾರಕ್ಕೆ ಮೂರು ನಾಲ್ಕು ರಾತ್ರಿ, ಊಟದ ನಂತರ, ನಿಂತ ಕಾರಿನಲ್ಲಿ ಒಂದು ಗಂಟೆ. ಪಕ್ಕದ ಮನೆಯವರು ಮೊದಮೊದಲು ಎಲ್ಲಿಗೋ ಹೊರಟಿದ್ದೀರಿ ಅಂದುಕೊಂಡು ಗೇಟ್ ತೆಗೆಯುತ್ತಿದ್ದರು. ಈಗ ಕೈ ಬೀಸಿ ಒಳಗೆ ಹೋಗುತ್ತಾರೆ. ಕಾರು ಓಡದಿದ್ದ ಮೇಲೆ ಗುಂಯ್ ಇದ್ದರೇನು ಹೋದರೇನು, ಹಾಗಾಗಿ ಬ್ರಷ್ ತಂದಿಲ್ಲ.

ಖರ್ಚು: ಸೆಟ್ 1,500, ರಿಪೇರಿ 3,800, ಏರಿಯಲ್ 850, ಕಂಡೆನ್ಸರ್, ಕ್ಯಾಪ್ ಇತ್ಯಾದಿ 750. ಒಟ್ಟು 6,900, ಆ ನೀಲಿ ದೀಪದ್ದಕ್ಕಿಂತ 500 ಹೆಚ್ಚು. ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವವರು ಇದನ್ನು ಕೊಳ್ಳಬೇಡಿ, ತಲೆನೋವು ಬರುತ್ತದೆ. ಖಾಸಗಿ ಎಫ್‌ಎಂ ಈ ಊರಿಗೆ ಬಂದು 2001ರಿಂದ ಇಷ್ಟು ವರ್ಷವಾಯಿತು, ಅದನ್ನೇ ಕೇಳಿ.

ಒಂದು ತೊಂದರೆ ಹೇಳಲೇಬೇಕು. ರೇಡಿಯೊ ತಿನ್ನುವ ಕರೆಂಟ್ ಹೆಚ್ಚೇನಲ್ಲ, ಆದರೆ ನನ್ನ ಕಾರು ಓಡುವುದೇ ಕಡಿಮೆ. ಡೈನಮೊ ಬೇರೆ ಐಡಲ್‌ನಲ್ಲಿ ಚಾರ್ಜ್ ಕೊಡುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು ಎಲ್ಲ ಬ್ಯಾಟರಿಯ ಲೆಕ್ಕಕ್ಕೇ. ಹೋದ ತಿಂಗಳು ಎರಡು ಸಲ ಹಾಲಿನ ಹುಡುಗ ತಳ್ಳಿದ. ಮೂರನೇ ಸಲ ನನ್ನನ್ನು ಕಂಡು ಸೈಕಲ್ ತಿರುಗಿಸಿಕೊಂಡು ಹಿಂದಿನ ರಸ್ತೆಗೆ ಹೋದ. 1,900 ಕೊಟ್ಟು ಬ್ಯಾಟರಿ ಚಾರ್ಜರ್ ತಂದಿದ್ದೇನೆ. ಅದನ್ನು ಚುಚ್ಚಿಟ್ಟರೆ ರೇಡಿಯೊದಲ್ಲಿ ಬೇರೊಂದು ಗುಂಯ್ ಬರುತ್ತಿದೆ.