ಕಾಗದದ ಮಾರುತ್, 1:33 ಸ್ಕೇಲ್: ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಕಾಗದ ಕತ್ತರಿಸಿ ಅಂಟಿಸಿ ವಿಮಾನದ ಮಾಡೆಲ್ ಮಾಡೋ ಈ ಕಿಟ್ ಡಿಸೈನ್ ಮಾಡಿದವ್ರಿಗೆ ವಿಮಾನ ಚೆನ್ನಾಗಿ ಗೊತ್ತು, ಪ್ರಿಂಟ್ ಹಾಕಿ ಮಾರಿದವ್ರಿಗೆ ಕಾಗದದ ಬಗ್ಗೆ ಏನೂ ಗೊತ್ತಿಲ್ಲ. ಎಚ್‌ಎಎಲ್‌ನವ್ರ ಎಚ್‌ಎಫ್-24 ಮಾರುತ್ ಅನ್ನೋ ಯುದ್ಧವಿಮಾನ ಇದು, 1961ರ ಜೂನ್ 17ಕ್ಕೆ ಬೆಂಗಳೂರಲ್ಲೇ ಮೊದಲು ಹಾರಿದ್ದು, ಡಿಸೈನ್ ಜರ್ಮನಿಯ ಕುರ್ಟ್ ಟ್ಯಾಂಕ್ ಅವ್ರದ್ದು, ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಫೋಕೆ-ವುಲ್ಫ್ 190 ಮಾಡಿದ್ರಲ್ಲ ಅವ್ರೇ.

ಮಾರುತ್‌ನ ಅಂದ ಇರೋದೇ ಅದರ ಸೊಂಟದಲ್ಲಿ. ಧ್ವನಿವೇಗದ ಹತ್ತಿರ ಹೋದಾಗ ಗಾಳಿ ತಡೆ ಕಮ್ಮಿ ಆಗ್ಲಿ ಅಂತ ರೆಕ್ಕೆ ಸೇರೋ ಕಡೆ ಬಾಡಿನ ಒಳಗೆ ಎಳೆದಿದಾರೆ (ಪಾಪ, ಬೇಕಾಗಿದ್ದ ಪವರ್‌ಫುಲ್ ಎಂಜಿನ್ ಕೊನೆಗೂ ಸಿಗ್ಲಿಲ್ಲ, ಎರಡು ಆರ್ಫಿಯಸ್ 703 ಹಾಕ್ಕೊಂಡೇ 1971ರ ಯುದ್ಧಕ್ಕೂ ಹೋಗಿ ಬಂತು). ಕಾಗದದಲ್ಲಿ ಈ ಬಳುಕು ತರೋದು ಕಷ್ಟ, ಯಾಕಂದ್ರೆ ಕಾಗದ ಒಂದು ಕಡೆಗೆ ಬಾಗತ್ತೆ, ಎರಡೂ ಕಡೆ ಒಟ್ಟಿಗೆ ಬಾಗಲ್ಲ. ಕಿಟ್‌ನವ್ರು ಆ ಜಾಗನ ಸಣ್ಣ ಸಣ್ಣ ಬಳೆಗಳಾಗಿ ಕತ್ತರಿಸಿ ಕೊಟ್ಟಿದಾರೆ, ಒಂದೊಂದನ್ನೂ ದಪ್ಪ ಬಟ್ಟೆ ಮೇಲಿಟ್ಟು ಪೆನ್ನಿಂದ ಉಜ್ಜಿ ಸುರುಳಿ ಮಾಡಿ, ಒಳಗಿನ ರಟ್ಟಿನ ಚೌಕಟ್ಟನ್ನ ಒಂದು ಕೂದಲೆಳೆಯಷ್ಟು ಉಜ್ಜಿ ಸಣ್ಣ ಮಾಡಿ ಅಂಟಿಸಿದ್ರೆ ಎಷ್ಟು ನೀಟಾಗಿ ಕೂರತ್ತೆ ಅಂದ್ರೆ! ಉಜ್ಜದೇ ಹಾಗೇ ತುರುಕಿದ್ರೆ ಬಡಕಲು ಎತ್ತಿನ ಪಕ್ಕೆಲುಬು ಥರ ಎಲ್ಲಾ ಹೊರಗೆ ಕಾಣತ್ತೆ. ಗಾಳಿ ಒಳಗೆ ಹೋಗೋ ಇನ್‌ಟೇಕ್‌ನ ಅರ್ಧ ಕೋನ್ ಮಾತ್ರ ಸೂಚನೆ ನೋಡಿದ್ರೆ ತಲೆಬುಡ ಗೊತ್ತಾಗಲ್ಲ. ಕಸ್ತೂರಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿರೋ ನಿಜವಾದ ಮಾರುತ್‌ನ ಮೊಬೈಲಲ್ಲಿ ಹತ್ತಿರದಿಂದ ಫೋಟೋ ತಗೊಂಡು ಬನ್ನಿ, ಅದೇ ಒಳ್ಳೆ ಸೂಚನೆ.

ಈಗ ಬೈಗುಳ. ಜೊತೆಗೆ ಕಳಿಸಿದ್ದ ಲೇಸರ್ ಪ್ರಿಂಟ್ ಶೀಟ್‌ಗಳು ಮಡಚಿದ ಕಡೆಯೆಲ್ಲಾ ಬಣ್ಣ ಉದುರಿ ಬಿಳಿ ಗೆರೆ ಬಿಡ್ತಾವೆ, ಕೇಳಿದ್ರೆ ಉತ್ತರ ಇಲ್ಲ. ಪಿಡಿಎಫ್ ಮಾತ್ರ ತಗೊಂಡು 170 ಜಿಎಸ್‌ಎಂ ಮ್ಯಾಟ್ ಪೇಪರ್ ಮೇಲೆ ನೀವೇ ಇಂಕ್‌ಜೆಟ್‌ನಲ್ಲಿ ಹಾಕಿಸ್ಕೊಳ್ಳಿ, ನಂದು ಈಗಿರೋದು ಹಾಗೆ ಮಾಡಿದ್ದೇ. ಕತ್ತರಿಸೋ ಮುಂಚೆನೇ ಮ್ಯಾಟ್ ವಾರ್ನಿಷ್ ಹೊಡೀರಿ, ಕತ್ತರಿಸಿದ ಅಂಚಿಗೆ ವಾಟರ್‌ಕಲರ್ ಸವರಿ. ಫೆವಿಕಾಲ್ ಕಮ್ಮಿ, ಬಹಳ ಕಮ್ಮಿ.

ಎರಡು ಮಳೆಗಾಲ ಆದ್ಮೇಲೆ ಹೇಗಿದೆ ಅಂದ್ರೆ, ಬಾಡಿ ಒಂಚೂರೂ ಅಲ್ಲಾಡಿಲ್ಲ. ರೆಕ್ಕೆ ಒಳಗೆ ಊದುಬತ್ತಿ ಕಡ್ಡಿ ಕೊಟ್ಟಿದ್ದಕ್ಕೆ ಜೋತಿಲ್ಲ, ಆದ್ರೆ ಬಾಲದ ಅಡ್ಡ ರೆಕ್ಕೆಗೆ ಕಿಟ್‌ನಲ್ಲಿ ಬರೀ ಕಾಗದ, ತೇವಕ್ಕೆ ತುದಿ ಸೊಟ್ಟ ಆಗಿದೆ. ಕಿಟಕಿ ಕಡೆ ಹಸಿರು ಮಾಸಿ ಬೂದು ಆಗಿದೆ. ಚಕ್ರದ ಕಾಲಿಗೆ ತಂತಿ ಹಾಕ್ಲೇಬೇಕು, ಕಾಗದದ ಕಾಲು ಈ ಭಾರ ಹೊರಲ್ಲ.

ಆರ್ಡರ್ ಮಾಡೋ ಮುಂಚೆ ಷೋಕೇಸ್ ಅಳೆದು ನೋಡಿ. ಉದ್ದ 48 ಸೆಂ.ಮೀ., ಅಗಲ 27. ನಮ್ಮನೇಲಿ ಇದು ಟಿವಿ ಮೇಲಿನ ಶೆಲ್ಫಲ್ಲಿ ಓರೆಯಾಗಿ ನಿಂತಿದೆ.