ಭಾಗಿಸುವುದೋ, ಛೇದವನ್ನು ಒಡೆಯುವುದೋ?

ಭಿನ್ನರಾಶಿಯನ್ನು ದಶಮಾಂಶಕ್ಕೆ ತರಲು ದಾರಿ ಎರಡು: ಮೇಲಿನ ಸಂಖ್ಯೆಯನ್ನು ಕೆಳಗಿನದರಿಂದ, ಅಂದರೆ ಛೇದದಿಂದ, ಭಾಗಿಸುವುದು; ಇಲ್ಲವೇ ಛೇದವನ್ನು ಅಪವರ್ತನಗಳಾಗಿ ಒಡೆಯುವುದು. ನನ್ನ ಒಲವು ಮೊದಲು ಛೇದವನ್ನು ಒಡೆದು ನೋಡುವ ಕಡೆಗೆ.

7/80 ತೆಗೆದುಕೊಳ್ಳಿ. 80 ಎಂದರೆ ನಾಲ್ಕು 2 ಮತ್ತು ಒಂದು 5ರ ಗುಣಲಬ್ಧ. ಛೇದಕ್ಕೆ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ದಶಮಾಂಶ ಅಂತ್ಯಗೊಳ್ಳುತ್ತದೆ. ಮೇಲೂ ಕೆಳಗೂ 125ರಿಂದ ಗುಣಿಸಿದರೆ 875/10000, ಅಂದರೆ 0.0875. ಭಾಗಾಕಾರದ ಗೋಜೇ ಇಲ್ಲ. ಆದರೆ ಮೊದಲು ಸಂಕ್ಷೇಪಿಸಲೇಬೇಕು: 6/15ರ ಛೇದದಲ್ಲಿ 3 ಕಂಡು ‘ಆವರ್ತ’ (ಅಂಕಿಗಳು ಕೊನೆಯಿಲ್ಲದೆ ಮರುಕಳಿಸುವ ದಶಮಾಂಶ) ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ, ಅದು 2/5, ಬರೀ 0.4.

3/7ರಲ್ಲಿ ಈ ಉಪಾಯ ‘ಆವರ್ತ’ ಎಂದಷ್ಟೇ ಹೇಳಿ ಕೈಚೆಲ್ಲುತ್ತದೆ. ಅಂಕಿಗಳು ಬೇಕಾದರೆ ಭಾಗಿಸಲೇಬೇಕು. ಶೇಷಗಳನ್ನು ಪಕ್ಕದಲ್ಲಿ ಬರೆಯುತ್ತಾ ಹೋಗಿ: 2, 6, 4, 5, 1, ಆಮೇಲೆ 3. ಹೊರಟ 3 ಮರಳಿತು, ಅಲ್ಲಿಗೆ ನಿಲ್ಲಿಸಿ. 428571 ಮರುಕಳಿಸುವ ಗುಂಪು. 7ರಿಂದ ಭಾಗಿಸುವಾಗ ಸೊನ್ನೆಯಲ್ಲದ ಶೇಷಗಳು ಆರೇ ಇರುವುದರಿಂದ ಗುಂಪು ಆರು ಅಂಕಿಗಳನ್ನು ಮೀರದು.

ಕ್ಯಾಲ್ಕ್ಯುಲೇಟರ್? 1/17ರ ಗುಂಪಿನಲ್ಲಿ 16 ಅಂಕಿಗಳಿವೆ. ಹತ್ತಂಕಿಯ ಪರದೆಯಲ್ಲಿ ಅದು ಹಿಡಿಸುವುದೇ ಇಲ್ಲ.